ಹಿರೇಮದ್ದು, ಭ್ರಾಮರಿ ಮತ್ತು ನನ್ನ ನಿದ್ದೆ

2023ರ ಬರದಾಗ ನಮ್ಮ ಹುನಗುಂದ ಸೀಮೆಯ ಎರಿ ಹೊಲ ಬಾಯಿ ಬಿಟ್ಟಿತ್ತು. ಹಿಂಗಾರಿ ಜೋಳ ಮೊಳಕಾಲುದ್ದವೂ ಬರಲಿಲ್ಲ. ಸಾಲದ ಚಿಂತೆಗೆ ರಾತ್ರಿ ಎರಡಕ್ಕೇ ಎಚ್ಚರ, ಆಮೇಲೆ ಕೋಳಿ ಕೂಗೋತನಕ ಅಂಗಳದಾಗ ತಿರುಗಾಟ. ಡಾಕ್ಟರು ನಿದ್ದೆ ಗುಳಿಗೆ ಬರೆದುಕೊಟ್ಟರು.

ಬಾದಾಮಿಯ ನಮ್ಮ ಬೀಗರು ಹುಡುಗರಿದ್ದಾಗ ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮಿಗಳ ಯೋಗ ಶಿಬಿರಕ್ಕೆ ಹೋದವರು. 1996ರಲ್ಲಿ ತೀರಿಕೊಂಡ ಆ ಸ್ವಾಮಿಗಳು ಯೋಗವನ್ನೂ ಕಲಿಸುತ್ತಿದ್ದರು, ಆಯುರ್ವೇದದ ಔಷಧವನ್ನೂ ಕೊಡುತ್ತಿದ್ದರು. "ಅಶ್ವಗಂಧದ ಪುಡಿ ಬಿಸಿ ಹಾಲಾಗ ಕುಡೀರಿ, ಮಲಗೋ ಮುಂದ ಭ್ರಾಮರಿ, ಶವಾಸನ ಮಾಡ್ರಿ" ಅಂದರು ಬೀಗರು. ದಿನವೆಲ್ಲ ಹೊಲದಾಗ ಬಗ್ಗುವವರಿಗೆ ಯಾತರ ಯೋಗ ಅಂತ ನಾನು ನಕ್ಕೆ. ಪುಡಿ ಮಾತ್ರ ಹಿಡಿಸಿತು.

ಅಶ್ವಗಂಧವೆಂದರೆ ಬದುವಿನ ಮೇಲೆ ತಾನೇ ಹುಟ್ಟುವ ಹಿರೇಮದ್ದಿನ ಗಿಡ. ಹಸಿ ಬೇರಿಗೆ ಕುದುರೆ ವಾಸನೆ, ಅದಕ್ಕೇ ಆ ಹೆಸರು. ಎಲೆ ಒಣಗಿ ಹಣ್ಣು ಕೆಂಪಾದ ಮೇಲೆ ಅಗೆದು, ತೊಳೆದು, ಒಣಗಿಸಿ ಕುಟ್ಟಿದೆ.

ತಪ್ಪಿದ್ದು ಇಲ್ಲಿ. ಗುಳಿಗೆ ಬಿಡದೆ ಪುಡಿಯನ್ನೂ ಕುಡಿದೆ, ಅದೂ ತುಂಬಿದ ಎರಡು ಚಮಚ. ನಾಲ್ಕನೇ ದಿನ ಕುಂಟೆ ಹೊಡೆಯುವಾಗ ತೂಕಡಿಸಿ ಮುಗ್ಗರಿಸಿದೆ. ಎತ್ತು ತಾವೇ ನಿಂತವು, ಕಾಲು ಉಳಿಯಿತು.

ಬಾಗಲಕೋಟೆಯ ಆಯುರ್ವೇದ ಡಾಕ್ಟರು ಚಲೋ ಬೈದರು. ಎರಡೂ ಮಂಪರು ತರುವಂಥವು, ಕೂಡಿಸಬಾರದು. ಗುಳಿಗೆಯನ್ನು ತಟ್ಟನೆ ಬಿಡಲೂಬಾರದು, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಇಳಿಸಬೇಕು. ಬೇರಿನ ಪುಡಿ ದಿನಕ್ಕೆ 3ರಿಂದ 6 ಗ್ರಾಂ ಸಾಕು. ಎಲೆ ಬೇಡವೇ ಬೇಡ. 2021ರಲ್ಲಿ ಆಯುಷ್ ಮಂತ್ರಾಲಯವೂ ಬೇರನ್ನಷ್ಟೇ ಬಳಸಲು ಹೇಳಿದೆ. ನಮ್ಮ ಮನೆಯಾಕೆಗೂ ಕೊಡಲೇ ಎಂದು ಕೇಳಿದೆ. ಆಕೆ ಥೈರಾಯ್ಡ್ ಗುಳಿಗೆ ನುಂಗುವವಳೆಂದು ತಿಳಿದು "ಕೊಡಬ್ಯಾಡ್ರಿ" ಅಂದರು. ಬಸುರಿಯರಿಗೆ, ಲಿವರ್ ತೊಂದರೆ ಇದ್ದವರಿಗೂ ಆಗದು. ಸಕ್ಕರೆ, ಬಿ.ಪಿ. ಗುಳಿಗೆಯವರು ಕೇಳಿಯೇ ತಗೋಬೇಕು.

ಆಮೇಲೆ ಬೀಗರ ಯೋಗ ನೆನಪಾಯಿತು. ರಾತ್ರಿ ಚಾಪೆ ಮೇಲೆ ಕೂತು ಒಂದೊಂದೇ ಹೊಳ್ಳೆಯಿಂದ ನಿಧಾನಕ್ಕೆ ಉಸಿರಾಟ, ಜೇನುಹುಳದಂತೆ ಗುಂಯ್ ಅನ್ನುವ ಭ್ರಾಮರಿ ಹತ್ತು ಸಲ, ಕಡೆಗೆ ಶವಾಸನ. ಮೊದಲ ವಾರ ಶವಾಸನದಾಗ ಸಾಲದ ಲೆಕ್ಕವೇ ನಡೆಯಿತು. ಮೂರನೇ ವಾರಕ್ಕೆ ನಾಲ್ಕರತನಕ ನಿದ್ದೆ ಬಂತು. ಗುಳಿಗೆ ಬಿಟ್ಟ ಮೇಲೆ ಡಾಕ್ಟರು ಹೇಳಿದಷ್ಟೇ ಪುಡಿಯನ್ನು ಎರಡು ತಿಂಗಳು ಕುಡಿದು ನಿಲ್ಲಿಸಿದೆ. ನಿದ್ದೆ ಉಳಿದದ್ದು ಉಸಿರಿನಿಂದ ಅಂತಲೇ ನನ್ನ ಲೆಕ್ಕ.

ಇಳಕಲ್ಲ ಪ್ಯಾಟ್ಯಾಗ ಕೊಳ್ಳುವವರು ಪುಡಿ ಬಿಟ್ಟು ಇಡೀ ಬೇರು ಕೊಳ್ಳಿರಿ, ಬೆರಕೆ ಇದ್ದರೆ ಕಣ್ಣಿಗೆ ಕಾಣುತ್ತದೆ. ಸಾಲ ಇನ್ನೂ ತೀರಿಲ್ಲ. ಮನೆಯಾಕೆ ಭ್ರಾಮರಿಯನ್ನಷ್ಟೇ ಮಾಡುತ್ತಾಳೆ. ನನಗಿಂತ ಮೊದಲೇ ಗೊರಕೆ ಹೊಡೆಯುತ್ತಾಳೆ.