ಕಡಲದಂಡೆಯಲ್ಲಿ ಮನೆಯಂಥ ವಸತಿ: ಹೋಗುವ ಮುನ್ನ ತಿಳಿದಿರಲಿ

ಕಾಸಾರಶಿರಸಿ: ಸಮುದ್ರ ನೋಡಲು ಹೊರಡುವ ಗಡಿಭಾಗದ ಕುಟುಂಬಗಳಿಗೆ ದೊಡ್ಡ ಹೋಟೆಲಿನ ಬಾಡಿಗೆ ಭಾರವಾಗುತ್ತದೆ. ಸಿಂಧುದುರ್ಗ ಜಿಲ್ಲೆಯ ಮಾಲವಣ, ತಾರಕರ್ಲಿಯಲ್ಲಿ ಇದಕ್ಕೊಂದು ದಾರಿಯಿದೆ. ಅದೇ 'ನಿವಾಸ-ನ್ಯಾಹಾರಿ'. ಊರಿನವರು ತಮ್ಮ ಮನೆಯ ಕೆಲವು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ.

ಅಡುಗೆ ಮನೆಯವರದೇ. ಹೀಗಾಗಿ ಊಟ ಬೇಕಿದ್ದರೆ ಮೊದಲೇ ಹೇಳಬೇಕು. ಅಲ್ಲಿ ಜೋಳದ ರೊಟ್ಟಿಗಿಂತ ಅನ್ನ, ಅಕ್ಕಿಯ ಘಾವನೆ, ಮೀನಿನ ಸಾರು, ಕೋಕಂ ಮತ್ತು ತೆಂಗಿನ ಹಾಲಿನ ಸೋಲಕಢಿ ಹೆಚ್ಚು. ಮೀನು ತಿನ್ನದವರು ಕೋಣೆ ಹಿಡಿಯುವಾಗಲೇ ತಿಳಿಸುವುದು ಒಳ್ಳೆಯದು. ಬಾಡಿಗೆಯಲ್ಲಿ ಊಟ ಸೇರಿದೆಯೇ ಎಂದೂ ಕೇಳಿಕೊಳ್ಳಬೇಕು.

ಹಣ ಉಳಿಯುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸಮುದ್ರ ಬಲ್ಲವರ ಮಾತು ಅಲ್ಲಿ ಸಿಗುತ್ತದೆ. ಕೆರೆ, ಬಾವಿಯಲ್ಲಿ ಈಜಿದವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ದಂಡೆಗೆ ಬಂದ ನೀರು ಕೆಲವೆಡೆ ಒಂದೇ ಜಾಗದಿಂದ ರಭಸವಾಗಿ ಹಿಂದಿರುಗುತ್ತದೆ. ಅಲ್ಲಿ ಅಲೆ ಕಡಿಮೆ ಕಾಣುವುದರಿಂದ ಹೊಸಬರು ಮೋಸಹೋಗುತ್ತಾರೆ. 2017ರ ಏಪ್ರಿಲ್ 15ರಂದು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಿಂದ ಪ್ರವಾಸ ಬಂದಿದ್ದ 8 ಜನ ಮಾಲವಣದ ವಾಯರಿ ತೀರದಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು.

ಎಲ್ಲಿ ನೀರಿಗಿಳಿಯಬಹುದು, ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ಮನೆಯವರನ್ನು ವಿಚಾರಿಸಬೇಕು. ಉಬ್ಬರ-ಇಳಿತಕ್ಕೆ ಅಲ್ಲಿ 'ಭರತಿ-ಓಹೋಟಿ' ಎನ್ನುತ್ತಾರೆ. ಮರಾಠಿ ಬಲ್ಲ ನಮ್ಮವರಿಗೆ ಮಾತಿನ ತೊಡಕಿಲ್ಲ. ಮಳೆಗಾಲದಲ್ಲಂತೂ ನೀರಿಗೆ ಇಳಿಯಲೇಬಾರದು. ಮನೆಯವರು ಬೇಡವೆಂದ ದಿನ ಮಕ್ಕಳನ್ನು ದಂಡೆಯ ಮರಳಿನಲ್ಲೇ ಆಡಿಸಿ ಕರೆತನ್ನಿ.