ಹಟ್ಟಿಗೂ ತರಗತಿಗೂ ನಡುವೆ

ಓದು ಮುಗಿಸಿ ಉದ್ಯೋಗಕ್ಕೆ ಸೇರುವುದು ಲೋಕದ ವಾಡಿಕೆ. ಆದರೆ ಆ ಕ್ರಮ ಎಲ್ಲರ ಪಾಲಿಗೂ ಒದಗಿ ಬರುವುದಿಲ್ಲ. ಹಗಲೆಲ್ಲ ದುಡಿದು, ಸಂಜೆ ಪುಸ್ತಕ ಹಿಡಿದು ತರಗತಿಗೆ ಬರುವ ತರುಣ ತರುಣಿಯರು ನಮ್ಮ ಮಂಗಳೂರಿಗೆ ಹೊಸಬರಲ್ಲ. ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೆ, ಕಚೇರಿಯಲ್ಲಿ ಕಡತ ನೋಡುವವಳಿಗೆ ಎರಡು ದೋಣಿಗಳ ಮೇಲೆ ಕಾಲಿಟ್ಟ ಈ ಪಯಣ ಕಷ್ಟದ್ದೇ ಸರಿ. ಆದರೂ ಅವರಿಗೊಂದು ನೆಮ್ಮದಿಯುಂಟು: ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟರೆ ಅದು ಮರುದಿನ ಬೆಳಗಿನವರೆಗೆ ಸುಮ್ಮನೆ ಬಿದ್ದಿರುತ್ತದೆ. ಹಟ್ಟಿಯಲ್ಲಿ ಕಟ್ಟಿದ ಹಸು ಹಾಗೆ ಸುಮ್ಮನಿರುವುದಿಲ್ಲ. ಅದು ಕರು ಹಾಕಲು ನಡುರಾತ್ರಿಯನ್ನು ಆರಿಸಿಕೊಂಡೀತು. ಅದರ ಹೊಟ್ಟೆ ಉಬ್ಬರಿಸುವುದು ಪರೀಕ್ಷೆಯ ಮುನ್ನಾದಿನವೇ ಆದೀತು. ಪಶುವೈದ್ಯರ ಸಹಾಯಕರಾಗಿ ಹೊಸತಾಗಿ ಕೆಲಸಕ್ಕೆ ಸೇರಿ, ಅದೇ ಕಾಲದಲ್ಲಿ ಆ ವಿದ್ಯೆಯನ್ನು ಕಲಿಯುತ್ತಲೂ ಇರುವವರ ಪಾಡು ಬೇರೆ ವಿದ್ಯಾರ್ಥಿಗಳ ಪಾಡಿನಂತಲ್ಲ ಎನ್ನುವುದು ಈ ಕಾರಣದಿಂದಲೇ.

ನಗರವಾಸಿಗಳಾದ ನಮಗೆ ಇವರ ನೆನಪು ಬರುವುದು ಅಪರೂಪ. ಬೆಳಗ್ಗೆ ಬಾಗಿಲಿಗೆ ಬರುವ ಹಾಲಿನ ಪೊಟ್ಟಣದ ಹಿಂದೆ ಹಸುವುಂಟು, ರೈತನುಂಟು ಎಂಬಷ್ಟನ್ನು ನಾವು ಬಲ್ಲೆವು. ಮಂಗಳೂರಿನ ಕುಲಶೇಖರದಲ್ಲಿರುವ ಹಾಲು ಒಕ್ಕೂಟಕ್ಕೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಊರೂರಿನ ಸಂಘಗಳಿಂದ ಹಾಲು ಬರುತ್ತದೆ. ಆ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಚುಚ್ಚುವ, ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡುವ, ಗಾಯ ತೊಳೆದು ಪಟ್ಟಿ ಕಟ್ಟುವ ಕೈಗಳು ಎಷ್ಟೋ ವೇಳೆ ಡಾಕ್ಟರರ ಕೈಗಳಲ್ಲ. ಅವರ ಸಹಾಯಕರ ಕೈಗಳು. ನಗರದೊಳಗೂ ಇಂಥವರಿಗೆ ಕೆಲಸವುಂಟು. ಮನೆಯ ನಾಯಿ ಬೆಕ್ಕುಗಳನ್ನು ನೋಡುವ ಚಿಕಿತ್ಸಾಲಯಗಳಿವೆ; ಶಕ್ತಿನಗರದಲ್ಲಿ ಪ್ರಾಣಿಗಳ ಆಶ್ರಯತಾಣವಿದೆ; ಪಿಲಿಕುಳದಲ್ಲಿ ಹುಲಿ ಚಿರತೆಗಳಿಂದ ಹಿಡಿದು ಹಾವುಗಳವರೆಗೆ ಆರೈಕೆ ಬೇಡುವ ಜೀವರಾಶಿಯೇ ಇದೆ.

ಈ ವಿದ್ಯೆಯನ್ನು ಕೀಳೆಂದು ಎಣಿಸಬೇಕಾದ ಕಾರಣ ಕನ್ನಡಿಗರಿಗಂತೂ ಇಲ್ಲ. ಚಾಲುಕ್ಯ ವಂಶದ ರಾಜಕುಮಾರ ಕೀರ್ತಿವರ್ಮನು 12ನೆಯ ಶತಮಾನದಷ್ಟು ಹಿಂದೆಯೇ ‘ಗೋವೈದ್ಯ’ವೆಂಬ ಗ್ರಂಥವನ್ನು ನಮ್ಮ ಭಾಷೆಯಲ್ಲಿ ರಚಿಸಿದನು. ಅರಮನೆಯಲ್ಲಿ ಹುಟ್ಟಿದವನು ದನಗಳ ರೋಗವನ್ನು ಕುರಿತು ಬರೆಯುವುದು ಅಂದು ಹಗುರವೆನಿಸಲಿಲ್ಲ. ಇಂದು ಆ ಕೆಲಸವನ್ನು ಕಲಿಯಹೊರಟ ಹುಡುಗನನ್ನು ‘ದನ ನೋಡುವವನು’ ಎಂದು ಹಗುರವಾಗಿ ಕರೆಯುವವರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಕಲಿಯುವ ದಾರಿಗಳಾದರೂ ಯಾವುವು? ಎಸ್.ಎಸ್.ಎಲ್.ಸಿ. ಮುಗಿಸಿದವರಿಗಾಗಿ ಪಶುಸಂಗೋಪನೆಯ ಡಿಪ್ಲೊಮಾ ಉಂಟು. ಅದನ್ನು ನಡೆಸುವುದು ಬೀದರಿನಲ್ಲಿ ಕೇಂದ್ರವುಳ್ಳ ಪಶುವೈದ್ಯಕೀಯ, ಪಶು ಹಾಗೂ ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಅದೇ ವಿಶ್ವವಿದ್ಯಾನಿಲಯದ ಕಾಲೇಜೊಂದು ಮಂಗಳೂರಿನ ಎಕ್ಕೂರಿನಲ್ಲೇ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ, ಆದರೆ 1969ರಲ್ಲಿ ಆರಂಭವಾದ ಆ ಪ್ರಸಿದ್ಧ ಕಾಲೇಜು ಮೀನುಗಾರಿಕೆಯದು. ಡಿಪ್ಲೊಮಾ ಬಯಸುವವರು ಘಟ್ಟ ಹತ್ತಿ ತಿಪಟೂರಿನ ಬಳಿಯ ಕೊನೇಹಳ್ಳಿಯತ್ತಲೋ ಹಾವೇರಿ ಜಿಲ್ಲೆಯ ಶಿಗ್ಗಾಂವಿಯತ್ತಲೋ ಮುಖ ಮಾಡಬೇಕು. ಇನ್ನೊಂದು ದಾರಿ, 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ನಿನ ಅಂಗವಾದ ‘ಮೈತ್ರಿ’ ತರಬೇತಿ. ಹಳ್ಳಿಗಳಲ್ಲಿ ಕೃತಕ ಗರ್ಭಧಾರಣೆ ಮಾಡುವವರಿಗಾಗಿ ಏರ್ಪಟ್ಟ ಇದರಲ್ಲಿ ಒಂದು ತಿಂಗಳು ಪಾಠ, ಎರಡು ತಿಂಗಳು ಅಭ್ಯಾಸ. ಇವೆರಡೂ ಅಲ್ಲದೆ, ಚಿಕಿತ್ಸಾಲಯಕ್ಕೆ ಕೆಲಸದಾಳಾಗಿ ಸೇರಿ, ಡಾಕ್ಟರರ ಬಗಲಲ್ಲಿ ನಿಂತು ನೋಡುತ್ತ ಕಲಿಯುವವರ ಸಂಖ್ಯೆಯೂ ಸಣ್ಣದಲ್ಲ. ದಾರಿ ಯಾವುದಾದರೂ ಆಗಲಿ, ಒಂದು ಮಾತು ಎಲ್ಲಕ್ಕೂ ಸಮಾನ: ಪುಸ್ತಕ ಮುಗಿದ ಮೇಲೆ ಹಸುವಿನ ಬಳಿಗೆ ಹೋದರಾಯಿತು ಎನ್ನುವಂತಿಲ್ಲ, ಹಸುವಿನ ಬಳಿಗೆ ಹೋಗದೆ ಪುಸ್ತಕ ಮುಗಿಯುವುದೂ ಇಲ್ಲ.

ದುಡಿಮೆ ಕಲಿಕೆಗಳೆರಡನ್ನೂ ಹೊತ್ತವರನ್ನು ಕಂಡಾಗ ‘ಪಾಪ, ದಣಿವು’ ಎಂದು ನಾವು ಮರುಗುತ್ತೇವೆ. ದಣಿವು ನಿಜ. ಆದರೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲಸವು ಕೈಗೆ ವೇಗವನ್ನು ಕಲಿಸುತ್ತದೆ. ವಿವೇಚನೆಯನ್ನು ಕಲಿಸುವುದು ತರಬೇತಿ. ವೇಗ ಮೊದಲು ಬಂದು, ವಿವೇಚನೆ ಹಿಂದುಳಿದರೆ ಕೇಡು ತಪ್ಪಿದ್ದಲ್ಲ. ಆರು ತಿಂಗಳಲ್ಲಿ ನೂರು ಚುಚ್ಚುಮದ್ದು ಕೊಟ್ಟವನಿಗೆ ಯಾವುದನ್ನು ಚುಚ್ಚಬೇಕೆಂಬುದೂ ತನಗೆ ಗೊತ್ತೆಂಬ ಭ್ರಮೆ ಹುಟ್ಟುವುದು ಸಹಜ. 10 ಕಿಲೋ ತೂಗುವ ನಾಯಿಗೂ 300 ಕಿಲೋ ತೂಗುವ ಹಸುವಿಗೂ ಔಷಧದ ಪ್ರಮಾಣ ಬೇರೆ. ಲೆಕ್ಕದಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಸಾಕು. ಮನೆಗೆ ಇದ್ದದ್ದೊಂದೇ ಹಸುವಾಗಿದ್ದರೆ, ಆ ಸೊನ್ನೆಯ ಬೆಲೆ ಏನೆಂಬುದನ್ನು ಆ ಮನೆಯ ಗೃಹಿಣಿಯನ್ನು ಕೇಳಿ ತಿಳಿಯಬೇಕು.

ನಮ್ಮ ಕಾಯಿದೆ ಈ ಅಪಾಯವನ್ನು ಚೆನ್ನಾಗಿ ಅರಿತಿದೆ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಪ್ರಕಾರ, ನೋಂದಣಿಯಾದ ಪಶುವೈದ್ಯರಲ್ಲದೆ ಇತರರು ಪಶುಚಿಕಿತ್ಸೆಯ ವೃತ್ತಿಯನ್ನು ನಡೆಸುವಂತಿಲ್ಲ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕರಿಗೆ ರಾಜ್ಯ ಸರ್ಕಾರ ಅನುಮತಿ ಕೊಟ್ಟರೆ, ಅವರು ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಕಿರುಸೇವೆಗಳನ್ನು ಮಾಡಬಹುದು. ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ, ಅವರ ನಿರ್ದೇಶನದಂತೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಗೆರೆಯನ್ನು ತಮ್ಮನ್ನು ಕಟ್ಟಿಹಾಕುವ ಹಗ್ಗವೆಂದು ಭಾವಿಸುವುದುಂಟು. ನಿಜವಾಗಿ ನೋಡಿದರೆ ಅದು ಅವರನ್ನು ಕಾಯುವ ಬೇಲಿ. ‘ಇದು ನನ್ನ ಕೆಲಸವಲ್ಲ, ಡಾಕ್ಟರಿಗೆ ಹೇಳಿ ಕಳಿಸಿ’ ಎನ್ನಲು ಕಾಯಿದೆಯೇ ಅವರ ಬೆನ್ನಿಗಿದೆ.

ಇನ್ನು ಹೊತ್ತಿನ ವಿಚಾರ. ದಿನಕ್ಕೆ ಇರುವುದು 24 ಗಂಟೆಗಳೇ. ಅದನ್ನು ಹಿಗ್ಗಿಸುವ ಉಪಾಯ ಯಾರಲ್ಲಿಯೂ ಇಲ್ಲ. ಆದರೆ ಹಟ್ಟಿಯ ಕೆಲಸಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಗುರುತಿಸಿದರೆ ದಾರಿ ಸ್ವಲ್ಪ ಸಲೀಸಾಗುತ್ತದೆ. ಮೊದಲನೆಯದು, ದಿನ ಗೊತ್ತುಮಾಡಿ ಮಾಡುವ ಕೆಲಸ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕುತ್ತಾರೆ. ಅದರ ವಾರ ಯಾವುದೆಂದು ಮುಂಚಿತವಾಗಿ ತಿಳಿದಿರುವುದರಿಂದ ಓದನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಎರಡನೆಯದು, ಅರ್ಧ ದಿನ ಕಾಯಬಲ್ಲ ಕೆಲಸ. ಬೆಳಗ್ಗೆ ಬೆದೆಯ ಲಕ್ಷಣ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದು ಈ ವೃತ್ತಿಯ ಹಳೆಯ ಸೂತ್ರ. ನಸುಕಿನಲ್ಲಿ ಬಂದ ಫೋನಿಗೆ ಪುಸ್ತಕ ಎಸೆದು ಓಡಬೇಕಾಗಿಲ್ಲ. ನಡುವಿನ ಹಗಲು ವಿದ್ಯಾರ್ಥಿಯದು. ಸಂಜೆ ತರಗತಿಯುಳ್ಳವನು ಮಾತ್ರ ಆ ಹಸುವನ್ನು ಜೊತೆಯ ಕೆಲಸಗಾರನಿಗೆ ಒಪ್ಪಿಸುವ ಏರ್ಪಾಡನ್ನು ಬೆಳಗ್ಗೆಯೇ ಮಾಡಿಕೊಳ್ಳಬೇಕು.

ಮೂರನೆಯದು, ಕಾಯದ ಕೆಲಸ: ಅಡ್ಡ ಸಿಕ್ಕಿಕೊಂಡ ಕರು, ಉಬ್ಬಿದ ಹೊಟ್ಟೆ, ಕರು ಹಾಕಿದ ಮರುದಿನವೇ ನೆಲಹಿಡಿದ ಹಸು. ಇವು ಡಾಕ್ಟರರಿಗೆ ಸೇರಿದವು. ವಿದ್ಯಾರ್ಥಿ ಅಲ್ಲಿರಬೇಕಾದದ್ದು ಕಲಿಯುವುದಕ್ಕಾಗಿ, ಒಬ್ಬನೇ ನಿಭಾಯಿಸುವುದಕ್ಕಲ್ಲ.

ಕೆಲಸದಲ್ಲಿ ಎಷ್ಟು ಸೂಕ್ಷ್ಮವಿದೆ ಎಂಬುದಕ್ಕೆ ಗರ್ಭಧಾರಣೆಯದೇ ಉದಾಹರಣೆ ಸಾಕು. ವೀರ್ಯದ ಸಣ್ಣ ಕಡ್ಡಿಗಳು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿರುತ್ತವೆ. ಕಡ್ಡಿಯನ್ನು ತೆಗೆಯುವಾಗ ಉಳಿದ ಕಡ್ಡಿಗಳ ಲೋಟವನ್ನು ಪಾತ್ರೆಯ ಕೊರಳಿನಿಂದ ಮೇಲಕ್ಕೆ ಎತ್ತಬಾರದು. ಕೆಲವೇ ಸೆಕೆಂಡುಗಳ ಬಿಸಿಗಾಳಿ ಅವನ್ನೆಲ್ಲ ಕೆಡಿಸೀತು. ತೆಗೆದ ಕಡ್ಡಿಯನ್ನು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಸುಮಾರು ಅರ್ಧ ನಿಮಿಷ ಇಟ್ಟು, ಒರೆಸಿ, ತಡಮಾಡದೆ ಬಳಸಬೇಕು. ಆಷಾಢದ ಮಳೆ ಸುರಿಯುತ್ತಿರುವಾಗ, ಸೋರುವ ಹಟ್ಟಿಯ ಮೂಲೆಯಲ್ಲಿ, ಇನ್ನೂ ಎರಡು ಮನೆಗಳು ಬಾಕಿಯಿರುವಾಗ ಆ ಅರ್ಧ ನಿಮಿಷವನ್ನು ಪೂರ್ತಿ ಎಣಿಸುವುದೇ ತರಬೇತಿಯ ಸಾರ. ಅವಸರದಲ್ಲಿ ಎಣಿಕೆ ತಪ್ಪಿದರೆ ಅಲ್ಲಿ ನೋಡುವವರಾರೂ ಇಲ್ಲ.

ಆದರೆ ಹಸು ನೋಡುತ್ತದೆ. ಗಬ್ಬ ನಿಲ್ಲದಿದ್ದರೆ ಅದು ಸುಮಾರು 21 ದಿನಗಳಿಗೆ ಮತ್ತೆ ಬೆದೆಗೆ ಬರುತ್ತದೆ. ಯಾವ ವಿಶ್ವವಿದ್ಯಾನಿಲಯವೂ ಇಷ್ಟು ಬೇಗ ಫಲಿತಾಂಶವನ್ನು ಪ್ರಕಟಿಸಲಾರದು! ಗಬ್ಬ ನಿಲ್ಲದಿರುವುದಕ್ಕೆ ಕಾರಣಗಳು ಹಲವು. ಎಲ್ಲವೂ ಕೆಲಸಗಾರನ ದೋಷವಲ್ಲ. ಆದ್ದರಿಂದಲೇ ಕಲಿಯುವವರಿಗೆ ಒಂದು ದಿನಚರಿ ಪುಸ್ತಕ ಅತ್ಯಗತ್ಯ. ಇಂದು ಯಾವ ಹಸುವನ್ನು ನೋಡಿದೆ, ಬೆದೆಯ ಲಕ್ಷಣ ಕಂಡದ್ದು ಎಷ್ಟು ಹೊತ್ತಿಗೆ, ಕೆಲಸ ಮಾಡಿದ್ದು ಎಷ್ಟು ಹೊತ್ತಿಗೆ, ಮೈಯ ಶಾಖ ಎಷ್ಟಿತ್ತು, ಡಾಕ್ಟರು ಏನೆಂದರು ಎಂದು ನಾಲ್ಕು ಸಾಲು ಬರೆದಿಟ್ಟು, ಮೂರು ವಾರಗಳ ಅನಂತರ ಅದೇ ಪುಟವನ್ನು ತೆರೆದು ನೋಡಬೇಕು. ಆಗ ಕೆಲಸವೇ ಪಾಠವಾಗುತ್ತದೆ. ಓದಿಗೆ ಹೊತ್ತಿಲ್ಲವೆಂಬ ಕೊರಗು ಅಷ್ಟರಮಟ್ಟಿಗೆ ತಗ್ಗುತ್ತದೆ.

ಕಲಿಯುವವರ ಮೈಯ ರಕ್ಷಣೆಯನ್ನೂ ಮರೆಯುವಂತಿಲ್ಲ. ಜೊಲ್ಲು ಸುರಿಸುತ್ತ ನುಂಗಲಾರದೆ ನಿಂತ ಹಸುವನ್ನು ಕಂಡಾಗ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈಯನ್ನು ಬಾಯೊಳಗೆ ಹಾಕುವುದು ಹೊಸಬರ ಸ್ವಭಾವ. ಅದು ರೇಬೀಸ್ ಆಗಿದ್ದರೆ? ರೋಗ ತಲೆದೋರಿದ ಮೇಲೆ ಅದರಿಂದ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಕಚ್ಚುವುದಕ್ಕೆ ಮೊದಲೇ ತೆಗೆದುಕೊಳ್ಳುವ ಲಸಿಕೆಯುಂಟು. ನಮ್ಮಲ್ಲಿ ರೂಢಿಯಲ್ಲಿರುವ ಕ್ರಮದಂತೆ ಅದನ್ನು ಮೊದಲ ದಿನ, ಅಲ್ಲಿಂದ 7ನೆಯ ದಿನ, ಅನಂತರ 21 ಅಥವಾ 28ನೆಯ ದಿನ ಹಾಕಿಸಿಕೊಳ್ಳಬೇಕು. ಹಾಗೆಯೇ ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಿಂದ ಮುಟ್ಟಿದವರಿಗೆ ಕಂದುರೋಗ ಅಂಟಿ, ತಿಂಗಳುಗಟ್ಟಲೆ ಜ್ವರದಿಂದ ನರಳಿಸೀತು. ಕೆಲಸಕ್ಕೆ ಸೇರಿಸಿಕೊಳ್ಳುವವರು ಮೊದಲ ಸಂಬಳಕ್ಕೆ ಮುಂಚೆ ಲಸಿಕೆಯನ್ನೂ ಕೈಗವಸನ್ನೂ ಕೊಡಿಸುವುದು ನ್ಯಾಯ.

ಈ ವಿಷಯದಲ್ಲಿ ಇಂಗ್ಲೆಂಡಿನ ಪದ್ಧತಿಯಿಂದ ನಾವು ಕಲಿಯಬೇಕಾದದ್ದಿದೆ. ಅಲ್ಲಿ ಪಶುಶುಶ್ರೂಷೆಯ ವಿದ್ಯಾರ್ಥಿಗಳು ಅಂಗೀಕೃತ ಚಿಕಿತ್ಸಾಲಯಗಳಲ್ಲಿ ಸಂಬಳಕ್ಕೆ ದುಡಿಯುತ್ತಲೇ ಕಲಿಯುವ ಏರ್ಪಾಡು ಉಂಟು. 1,800 ಗಂಟೆಗಳ ಪ್ರತ್ಯಕ್ಷಾನುಭವ ಬೇಕೆಂಬ ನಿಯಮವಿದೆ. ಅದಕ್ಕಿಂತ ಮುಖ್ಯವಾದದ್ದು, ಪ್ರತಿ ವಿದ್ಯಾರ್ಥಿಗೂ ಆ ಚಿಕಿತ್ಸಾಲಯದಲ್ಲಿಯೇ ಒಬ್ಬ ಮಾರ್ಗದರ್ಶಕರಿರುತ್ತಾರೆ. ಒಂದೊಂದು ಕೌಶಲವೂ ಕೈಗೂಡಿತೆಂದು ಅವರಿಗೆ ಮನವರಿಕೆಯಾದ ಮೇಲೆಯೇ ದಾಖಲೆಯಲ್ಲಿ ಗುರುತು ಬೀಳುತ್ತದೆ. ನಮ್ಮ ಚಿಕಿತ್ಸಾಲಯಗಳಲ್ಲಿ ಇದನ್ನು ಮಾಡಲು ದೊಡ್ಡ ಹಣವೇನೂ ಬೇಡ. ಗೋಡೆಯ ಮೇಲೆ ಒಂದು ಪಟ್ಟಿ: ಈ ಹುಡುಗಿ ಯಾವುದನ್ನು ಒಬ್ಬಳೇ ಮಾಡಬಹುದು, ಯಾವುದನ್ನು ಹಿರಿಯರ ಎದುರಿಗೆ ಮಾತ್ರ ಮಾಡಬಹುದು, ಯಾವುದನ್ನು ಇನ್ನೂ ಮುಟ್ಟಬಾರದು. ಆ ಪಟ್ಟಿ ಇದ್ದರೆ ರಜೆಯ ದಿನ ಒಬ್ಬಳನ್ನೇ ಬಿಟ್ಟು ‘ಹೇಗೋ ನೋಡಿಕೋ’ ಎನ್ನುವ ಪ್ರಸಂಗವೇ ಬರುವುದಿಲ್ಲ.

ಮನೆಯವರ ಪಾಲೂ ಸಣ್ಣದಲ್ಲ. ಮಗ ಅಥವಾ ಮಗಳು ಕೆಲಸಕ್ಕೆ ಸೇರಿದೊಡನೆ ‘ಇನ್ನೇನು, ಸಂಪಾದನೆ ಆರಂಭವಾಯಿತಲ್ಲ’ ಎಂದು ಓದನ್ನು ಹಿಂದಕ್ಕೆ ತಳ್ಳುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಹುಡುಗನಾದರೆ ಪೇಟೆಯ ಕೆಲಸ, ಹುಡುಗಿಯಾದರೆ ಅಡುಗೆಮನೆಯ ಕೆಲಸ ಹಾಗೆಯೇ ಕಾದಿರುತ್ತದೆ. ಹಟ್ಟಿಯಿಂದ ಬಂದವರಿಗೆ ಸ್ನಾನಕ್ಕೆ ಬಿಸಿನೀರು, ಬೇರೆಯಾಗಿ ಒಗೆಯಲು ಬಟ್ಟೆಯ ಬುಟ್ಟಿ, ರಾತ್ರಿ ಆರೇಳು ಗಂಟೆಗಳ ನಿದ್ದೆ, ವಾರದಲ್ಲಿ ಎರಡು ಸಂಜೆ ಯಾರೂ ಕರೆಯದ ಓದಿನ ಹೊತ್ತು, ಇಷ್ಟನ್ನು ಒದಗಿಸಿದರೆ ಮನೆ ತನ್ನ ಕರ್ತವ್ಯವನ್ನು ಮಾಡಿದಂತಾಯಿತು. ನಿದ್ದೆಗೆಟ್ಟವನ ಕೈಯಲ್ಲಿ ಸೂಜಿ ಇರುತ್ತದೆ ಎಂಬುದನ್ನು ಮಾತ್ರ ಯಾರೂ ಮರೆಯಬಾರದು.

ಕೊನೆಯ ಮಾತು ನಮ್ಮಂಥವರಿಗೆ, ನಾಯಿಯನ್ನೋ ಹಸುವನ್ನೋ ಅವರೆದುರಿಗೆ ತಂದು ನಿಲ್ಲಿಸುವವರಿಗೆ. ‘ಡಾಕ್ಟರು ಬರುವುದು ತಡ, ನೀನೇ ಏನಾದರೂ ಕೊಟ್ಟುಬಿಡು ಮಾರಾಯ’ ಎಂದು ಒತ್ತಾಯಿಸುವವರು ನಾವೇ. ಆಗ ಆ ಕಿರಿಯನು ಸಂಕೋಚದಿಂದಲೋ ಭಯದಿಂದಲೋ ‘ಅದನ್ನು ನಾನಿನ್ನೂ ಕಲಿತಿಲ್ಲ, ಡಾಕ್ಟರಿಗೆ ಹೇಳುತ್ತೇನೆ’ ಎಂದರೆ ಮುಖ ಸಿಂಡರಿಸಬಾರದು. ಆ ಒಂದು ಮಾತನ್ನು ಆಡಬಲ್ಲವನು ಕೆಲಸದ ನಡುವೆಯೂ ವಿದ್ಯಾರ್ಥಿಯಾಗಿಯೇ ಉಳಿದಿದ್ದಾನೆ. ನಮ್ಮ ಹಸುವನ್ನು ನಿಶ್ಚಿಂತೆಯಿಂದ ಒಪ್ಪಿಸಬೇಕಾದದ್ದು ಅಂಥವನ ಕೈಗೆ.