ನೆಲದ ಮೇಲಿನ ಹುಡುಗ

ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯೆಂದೊಡನೆ ಗೋಲಿಬಾರು, ಸೆರೆಮನೆಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ಅರ್ನೆಸ್ಟ್ ಕೋಲ್ ಎಂಬ ಕರಿಯ ಛಾಯಾಚಿತ್ರಕಾರನು ತೋರಿಸಿದ್ದು ಬೆಳಗಾದರೆ ನಡೆಯುತ್ತಿದ್ದ ಅನ್ಯಾಯವನ್ನು. ಬಿಳಿಯರಿಗೆ ಮಾತ್ರವೆಂದು ಬರೆದ ಬೆಂಚು. ರಹದಾರಿ ಕೇಳುವ ಪೊಲೀಸ್. ಗಣಿಗೆ ಸೇರಬಂದ ಗಂಡಸರು ವೈದ್ಯಪರೀಕ್ಷೆಗಾಗಿ ಬೆತ್ತಲೆಯಾಗಿ, ಗೋಡೆಗೆ ಮುಖಮಾಡಿ, ಕೈಯೆತ್ತಿ ನಿಂತ ಸಾಲು.

ಉಪಾಧ್ಯಾಯರಾದ ನಮ್ಮನ್ನು ತಡೆದು ನಿಲ್ಲಿಸುವುದು ಒಂದು ತರಗತಿಯ ಚಿತ್ರ. ಕಿಕ್ಕಿರಿದ ಕೋಣೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತ ಹುಡುಗನ ಮುಖದಿಂದ ಬೆವರಿಳಿಯುತ್ತಿದೆ; ಕಣ್ಣು ಮಾತ್ರ ಪಾಠದಲ್ಲಿ ನೆಟ್ಟಿದೆ. ಕಿಕ್ಕಿರಿದ ಕೋಣೆಯ ಸೆಕೆ ನಮಗೇನೂ ಹೊಸತಲ್ಲ. ಆದರೆ ಈ ಹುಡುಗನಿಗೆ ಮಣೆ ತಪ್ಪಿಸಿದ್ದು ಬರಿಯ ಬಡತನವಲ್ಲ, ಸರಕಾರದ ಕಾಯಿದೆ. ಕರಿಯ ಮಕ್ಕಳಿಗೆ ದುಡಿಮೆಗೆ ಬೇಕಾದಷ್ಟೇ ವಿದ್ಯೆ ಸಾಕೆಂಬುದು 1953ರ ಬಂಟು ಶಿಕ್ಷಣ ಕಾಯಿದೆಯ ಧೋರಣೆ. ಬಿಳಿಯ ಮಗುವಿಗೆ ವ್ಯಯಿಸುತ್ತಿದ್ದ ಹಣದ ಅಲ್ಪಾಂಶವನ್ನಷ್ಟೇ ಕರಿಯ ಮಗುವಿಗೆ ಕೊಡುತ್ತಿದ್ದರು. ಕೋಲನೂ ಆ ಶಿಕ್ಷಣವನ್ನು ಒಲ್ಲದೆ ಶಾಲೆ ಬಿಟ್ಟವನೇ.

ಕೋಲೆ ಎಂಬ ಮನೆತನದ ಹೆಸರನ್ನು ಕೋಲ್ ಎಂದು ತಿದ್ದಿಕೊಂಡು, ತಾನು ಮಿಶ್ರವರ್ಣದವನೆಂದು ದಾಖಲೆ ಪಡೆದದ್ದರಿಂದ ಅವನಿಗೆ ತಿರುಗಾಟ ಸುಲಭವಾಯಿತು. ವರ್ಣವೆಂಬುದು ಕಾಗದದ ಮೇಲಿನ ಒಂದಕ್ಷರದಲ್ಲಿತ್ತು ನೋಡಿ! 1966ರಲ್ಲಿ ಅವನು ದೇಶ ಬಿಟ್ಟನು. 1967ರಲ್ಲಿ ‘ಹೌಸ್ ಆಫ್ ಬಾಂಡೇಜ್’ ಗ್ರಂಥ ನ್ಯೂಯಾರ್ಕಿನಲ್ಲಿ ಅಚ್ಚಾಯಿತು. ತಾಯ್ನಾಡಿನಲ್ಲಿ ಅದಕ್ಕೆ ನಿಷೇಧ ಬಿತ್ತು. ಮಂಡೇಲರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1990ರ ಫೆಬ್ರುವರಿಯಲ್ಲಿ, ಅವನು ನ್ಯೂಯಾರ್ಕಿನಲ್ಲಿಯೇ ತೀರಿಕೊಂಡನು. ಕಳೆದೇಹೋದುವೆಂದುಕೊಂಡಿದ್ದ ಅವನ ಸುಮಾರು 60,000 ನೆಗೆಟಿವ್‌ಗಳು 2017ರಲ್ಲಿ ಸ್ವೀಡನ್ನಿನ ಬ್ಯಾಂಕೊಂದರ ತಿಜೋರಿಯಿಂದ ಹೊರಬಂದುವು.